ಗುರುಲಿಂಗ ಎಂಬ ಹೆಸರಿನ ಉದ್ದ

ಜಯಮಾಲಾ ಅವರನ್ನು ನಾನು ಮೊದಲು ಕಂಡದ್ದು ಬಸವಕಲ್ಯಾಣದ ಒಂದು ಕಂಪ್ಯೂಟರ್ ತರಗತಿಯಲ್ಲಿ. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ನಾನೂ ಅಲ್ಲಿ ವಿದ್ಯಾರ್ಥಿಯಾಗಿ ಸೇರಿಕೊಂಡಿದ್ದೆ. ಉಳಿದವರೆಲ್ಲ ಹೆಂಗಸರು. ಕಲಿಸುವ ಮೀನಾಜ್ ಒಂದು ಕಾಲಕ್ಕೆ ನನ್ನ ಕೈಯಲ್ಲಿ ಕನ್ನಡ ಕಲಿತ ಹುಡುಗಿ. ಹೊಸಬರಿಗೆ ಸುಲಭವೆಂದು ಅವಳು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಿಂದ ಪಾಠ ಆರಂಭಿಸಿದ್ದಳು.

ಆ ದಿನದ ಪಾಠ ಸ್ಟ್ರಿಂಗ್. ಉದ್ಧರಣ ಚಿಹ್ನೆಗಳ ನಡುವೆ ಏನು ಬರೆದರೂ ಅದು ಸ್ಟ್ರಿಂಗ್ ಆಗುತ್ತದೆ. ಅದನ್ನು ಅಳೆಯಲು, ಹುಡುಕಲು, ಬದಲಿಸಲು ಬೇಕಾದ ಫಂಕ್ಷನ್‌ಗಳು ಭಾಷೆಯೊಳಗೆ ಮೊದಲೇ ಸಿದ್ಧವಾಗಿವೆ; ನಾವು ಕರೆದರೆ ಸಾಕು. ‘ಲೆನ್’ ಎಂಬುದು ಉದ್ದ ಹೇಳುತ್ತದೆ.

“ಎಲ್ಲಾರೂ ನಿಮ್ಮ ನಿಮ್ಮ ಮನಿಯವರ ಹೆಸರು ಹಾಕ್ರಿ, ಎಷ್ಟುದ್ದ ಐತಿ ನೋಡೂಣ,” ಎಂದಳು ಮೀನಾಜ್.

ಹಿಂದಿನ ಸಾಲಿನಲ್ಲಿ, ಬೂದುಬಣ್ಣದ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಕೂತಿದ್ದ ಹೆಂಗಸಿನ ಬಳಿ ಬಂದು ಅವಳು ನಿಂತಳು.

“ಅಕ್ಕಾ, ಇದೇನ್ರಿ? ಹೆಸರು ಹಾಕ್ರಿ ಅಂದ್ರ ‘ನಮ್ಮ ಮನಿಯವರು’ ಅಂತ ಹಾಕೀರಲ್ಲ!”

“ಮತ್ತ ಹ್ಯಾಂಗ ಹಾಕಲಿ ಬೇಟಾ? ಗಂಡನ ಹೆಸರು ಹಂಗ ಹಾಕತಾರೇನು?”

ಮುಡಬಿಯಿಂದ ಬರುತ್ತಿದ್ದ ಶೇವಂತಾಬಾಯಿ ಬಾಯಿ ಹಾಕಿದಳು. “ಏ ಜಯಮಾಲಾ, ಬಾಯಿಲೆ ಹೇಳೂದಲ್ಲವ್ವ ಇದು, ಬೆರಳಿಲೆ ಒತ್ತೂದು. ನಿನ್ನ ಗಂಡಗ ಏನೂ ಕೇಳಸಂಗಿಲ್ಲ!”

ಎಲ್ಲರೂ ನಕ್ಕರು. ಜಯಮಾಲಾ ಅವರೂ ನಕ್ಕರು. ನಕ್ಕು, “ಖರೇ. ಅವರಿಗೆ ಈಗ ಏನೂ ಕೇಳಸಂಗಿಲ್ಲ,” ಎಂದರು.

ಶೇವಂತಾಬಾಯಿಯ ಮೋರೆ ಸಣ್ಣದಾಯಿತು. ಆಗ ಜಯಮಾಲಾ ಒಂದೊಂದೇ ಕೀಲಿಯನ್ನು ಹುಡುಕಿ ಒತ್ತಿದರು: ಗುರುಲಿಂಗ. ಕಂಪ್ಯೂಟರ್ ಎಂಟು ಎಂದಿತು. ನಾಲ್ಕೇ ಅಕ್ಷರವಲ್ಲವೇ ಎಂದು ನಾನು ತಕರಾರು ತೆಗೆದೆ. ಸ್ವರಚಿಹ್ನೆಗಳನ್ನೂ ಸೊನ್ನೆಯನ್ನೂ ಅದು ಬೇರೆಬೇರೆಯಾಗಿ ಎಣಿಸುತ್ತದೆ ಎಂದು ಮೀನಾಜ್ ನನಗೆ ತಿಳಿಸಿಕೊಟ್ಟಳು. ಜಯಮಾಲಾ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಇಷ್ಟು ದೊಡ್ಡದಿತ್ತೇನ್ರಿ ಅವರ ಹೆಸರು?” ಎಂದು ಪರದೆಯನ್ನೇ ನೋಡುತ್ತ ಕೇಳಿದರು.

ತರಗತಿ ಮುಗಿದ ಮೇಲೆ ಅವರು ಹುಮನಾಬಾದಿನ ಬಸ್ಸು ಹಿಡಿಯಬೇಕಿತ್ತು. ನನ್ನ ಮನೆಯೂ ಅದೇ ದಾರಿಯಲ್ಲಿ. ನಡೆಯುತ್ತ ಅವರ ಕಥೆ ತಿಳಿಯಿತು. ತವರು ಕೊಹಿನೂರ. ಗಂಡ ಗುರುಲಿಂಗ ಹುಮನಾಬಾದಿನಲ್ಲಿ ಅಂಗಡಿಗಳಿಗೆ ಬೋರ್ಡ್ ಬರೆಯುವವರು. ಕಿರಾಣಿ ಅಂಗಡಿ, ಗಿರಣಿ, ಖಾನಾವಳಿ, ಎಲ್ಲದರ ಬೋರ್ಡಿನ ಮೂಲೆಯಲ್ಲೂ ಸಣ್ಣದಾಗಿ ತಮ್ಮ ಹೆಸರು ಬರೆಯುತ್ತಿದ್ದರು. ಕಾಮಾಲೆಯಾಗಿ ತೀರಿಕೊಂಡರು. ಈಗ ಬೋರ್ಡುಗಳು ಒಂದೊಂದಾಗಿ ಇಳಿದು ಫ್ಲೆಕ್ಸ್ ಏರುತ್ತಿವೆ. ಕಂಪ್ಯೂಟರ್ ಕಲಿತರೆ ಅಂಥ ಫ್ಲೆಕ್ಸ್ ಮಾಡುವ ಒಂದು ಅಂಗಡಿಯಲ್ಲಿ ಇವರಿಗೆ ಕೆಲಸ.

“ಊರ ತುಂಬ ಅವರ ಹೆಸರು ಇತ್ತು ಸರ್. ನನ್ನ ಬಾಯಾಗ ಮಾತ್ರ ಇರಲಿಲ್ಲ.”

ನಮ್ಮ ಕಡೆ ಹೆಂಡತಿಯು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲೋ ಗೃಹಪ್ರವೇಶದಲ್ಲೋ ನಾಲ್ಕು ಜನ ಹೆಂಗಸರು ಒತ್ತಾಯ ಮಾಡಿದರೆ, ಪ್ರಾಸ ಕೂಡಿಸಿದ ಒಡಪಿನಲ್ಲಿ ಆ ಹೆಸರನ್ನು ಸೇರಿಸಿ ಹೇಳುತ್ತಾಳೆ. ಜಯಮಾಲಾ ಮದುವೆಯಾಗಿ ಬಂದ ದಿನ ನಾದಿನಿ ಲಲಿತಾಬಾಯಿ, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದೆಂದು ಬಾಗಿಲಿಗೆ ಅಡ್ಡ ನಿಂತಿದ್ದಳು. ತವರಿನಲ್ಲಿ ಕಲಿತು ಬಂದ ಒಡಪು ಹೆಸರಿನ ತನಕ ಬಂದು ನಿಂತಿತು. “ಬಿಡು ತಂಗಿ, ಮುಂದ ಎಂದಾರ ಹೇಳ್ಯಾಳು,” ಎಂದು ಗುರುಲಿಂಗರೇ ನಗುತ್ತ ಬಾಗಿಲು ದೂಡಿದರಂತೆ.

“ಆಮ್ಯಾಲ ಯಾರು ಕೇಳಿದ್ರೂ ನಾಚಿ ಒಳಗ ಓಡತಿದ್ದೆ. ಈಗ ಹೇಳಬೇಕು ಅಂತ ಜೀವ ಬಡಕೋತದ. ಕೇಳೋರೇ ಇಲ್ಲ. ಮೊನ್ನಿ ನಮ್ಮ ಲಲಿತಾಬಾಯಿ ಮನಿ ವಾಸ್ತುಶಾಂತಿಯೊಳಗ ಹೆಂಗಸರು ಸಾಲಾಗಿ ಎಲ್ಲಾರಿಗೂ ಒಡಪ ಕೇಳಕೋತ ಬಂದ್ರು. ನನ್ನ ಹತ್ತರ ಬಂದಕೂಡಲೆ ಲಲಿತಾಬಾಯಿ, ‘ವೈನಿ, ಒಳಗ ಭಜಿ ಹೊತ್ತತಾವೇನು ಜರಾ ನೋಡ್ರಿ,’ ಅಂದಳು. ಆಕೀದು ತಪ್ಪಿಲ್ರಿ. ನನಗ ನೋವಾದೀತು ಅಂತ.”

ಗಂಡ ತೀರಿಕೊಂಡವಳನ್ನು ಯಾರೂ ಒಡಪು ಕೇಳುವುದಿಲ್ಲ. ನಾನು ಬಸ್ಸಿನ ದಾರಿ ನೋಡಿದೆ.

ಕೆಲವು ದಿನಗಳ ಮೇಲೆ ‘ರಿಪ್ಲೇಸ್’ ಪಾಠ ಬಂತು. ಸ್ಟ್ರಿಂಗಿನಲ್ಲಿರುವ ಒಂದನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಡುವ ಫಂಕ್ಷನ್ ಅದು. ಒಂದು ವಾಕ್ಯ ಬರೆದು, ಹೆಸರು ಬರುವಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಆಮೇಲೆ ಹೆಸರು ತುಂಬಿರಿ ಎಂದಳು ಮೀನಾಜ್. ಜಯಮಾಲಾ ಬಹಳ ಹೊತ್ತು ಬರೆದರು. ಶೇವಂತಾಬಾಯಿ ಬಗ್ಗಿ ನೋಡಿ ಕೂಗಿದಳು.

“ಅಯ್ಯ, ಒಡಪ ಹಾಕ್ಯಾಳ! ಓದ ಜಯಮಾಲಾ, ನಾವೆಲ್ಲ ಕೇಳತೇವಿ. ಓದಲಿಲ್ಲಂದ್ರ ಇವತ್ತ ಬಾಗಲಾ ಬಿಡಂಗಿಲ್ಲ ನೋಡು.”

ಅವಳು ನಿಜವಾಗಿಯೂ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಗಂಡನಿಗೆ ಕೇಳಿಸುವುದಿಲ್ಲವೆಂದು ಅಂದು ಆಡಿದ ಮಾತಿಗೆ ಅವಳು ಮಾಡಿಕೊಂಡ ಪರಿಹಾರ ಅದು ಎಂದು ನನಗನ್ನಿಸಿತು.

ಜಯಮಾಲಾ ಎದ್ದು ನಿಂತರು.

“ತೊಗರಿ ಹೊಲದಾಗ ಹಳದಿ ಹೂವಿನ ಸಾಲ...” ಎಂದರು. ಮುಂದಿನದು ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿದರು. ಮತ್ತೆ ಅಲ್ಲಿಗೇ ನಿಂತರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಓದ್ರಿ ಸರ್,” ಎಂದರು.

ನಾನು ತರಗತಿಯಲ್ಲಿ ಪದ್ಯ ಓದುತ್ತಿದ್ದ ಹಾಗೆ ನಿಧಾನವಾಗಿ ಓದಿದೆ: “ತೊಗರಿ ಹೊಲದಾಗ ಹಳದಿ ಹೂವಿನ ಸಾಲ, ಗುರುಲಿಂಗ ಅವರ ಹೆಸರ ಹೇಳತೀನಿ, ತೆಗೀರಿ ಬಾಗಿಲ.”

ಶೇವಂತಾಬಾಯಿ ಬಾಗಿಲು ಬಿಟ್ಟು ಸರಿದು ನಿಂತಳು. ಯಾರೂ ನಗಲಿಲ್ಲ.

“ಇನ್ನೊಮ್ಮೆ ಓದ್ರಿ,” ಎಂದರು ಜಯಮಾಲಾ.

ಈಗ ಅವರು ಮುಂಜಾನೆ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಮಧ್ಯಾಹ್ನ, ಹುಮನಾಬಾದಿನಲ್ಲಿ ಗಂಡ ಬಣ್ಣದ ಡಬ್ಬಿ ಇಡುತ್ತಿದ್ದ ಕೋಣೆಯಲ್ಲೇ ಎರಡು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಹೆಣ್ಣುಮಕ್ಕಳಿಗೆ ಪೈಥಾನ್ ಕಲಿಸುತ್ತಾರೆ. ಕಳೆದ ವಾರ ನಾನು ಹೋದಾಗ ‘ರಿಪ್ಲೇಸ್’ ನಡೆದಿತ್ತು. ಅದೇ ಒಡಪು, ಅದೇ ನಕ್ಷತ್ರ, ಅದೇ ಹೆಸರು.

“ಮೇಡಂ, ಈ ಗುರುಲಿಂಗ ಅಂದ್ರ ಯಾರ್ರಿ?” ಎಂದು ಚಿಟಗುಪ್ಪದಿಂದ ಬರುವ ಕಾಜಲ ಕೇಳಿದಳು.

“ಈ ಊರಾಗ ಬೋರ್ಡ್ ಬರೀತಿದ್ರವ್ವ. ಅಕ್ಷರ ಭಾಳ ಛಂದ ಇದ್ವು. ಹೂಂ, ಮತ್ತೊಮ್ಮೆ ರನ್ ಮಾಡ್ರಿ. ಎಲ್ಲಾರೂ ಕೂಡಿ ಓದ್ರಿ, ಜರಾ ಜೋರಾಗಿ.”

ಹುಡುಗಿಯರು ಓದತೊಡಗಿದರು. ಜಯಮಾಲಾ ಬಾಗಿಲ ಚೌಕಟ್ಟಿಗೆ ಒರಗಿ, ಬೀದಿಯ ಕಡೆ ಮುಖ ಮಾಡಿ ನಿಂತರು. ಮೊದಲ ಸಾಲಿಗೆ ಅವರ ತುಟಿಗಳೂ ಆಡುತ್ತಿದ್ದವು. ಹೆಸರು ಬಂದಾಗ ನಿಂತವು. ಹುಡುಗಿಯರ ದನಿ ಮುಂದೆ ಹೋಯಿತು.