ಕಿರ್ ಎನ್ನುವ ಕೆಂಪು ಜೋಡು

ನಿನ್ನೆ ಕೆಟ್ಟ ಕನಸು ಬಿತ್ತು. ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತಿದ್ದೆ, ಕಾಲು ಕೀಳಲು ಆಗುತ್ತಿರಲಿಲ್ಲ. ಅದೇ ಅಳುಕಿನಲ್ಲಿ ಇವತ್ತು ಮೊಮ್ಮಗಳಿಗೆ ಶಾಲೆಯ ಚಪ್ಪಲಿ ಕೊಡಿಸಲು ಚಳ್ಳಕೆರೆಯ ಅಂಗಡಿಗೆ ಹೋದೆ. ಹೊಸ ಚರ್ಮದ ವಾಸನೆ ಬಡಿದದ್ದೇ ತಡ, ಮೊಳಕಾಲ್ಮೂರಿನ ನಮ್ಮ ಮಗ್ಗದ ಮನೆ ಕಣ್ಣಿಗೆ ಬಂತು.

ನಮ್ಮ ಓಣಿಯಲ್ಲಿ ಹೆಂಗಸರು ಜೋಡು ಮೆಟ್ಟುತ್ತಿರಲಿಲ್ಲ. ಹದಿಮೂರರ ಹುಡುಗಿ ನಾನು, ಶಾಲೆಗೆ ಹೋಗುವುದೇ ಅತಿ ಎನ್ನುತ್ತಿದ್ದರು. ಅಂಥದ್ದರಲ್ಲಿ ಜೋಡು ಮಾರುವವನು ಮನೆ ಬಾಗಿಲಿಗೆ ಬಂದಾಗ ನಾನು ಆರಿಸಿದ್ದು ಮೂತಿ ಚೂಪಾದ, ನಡೆದರೆ ಕಿರ್ ಎನ್ನುವ ಕೆಂಪು ಜೋಡು. ಆಗ ಷೋಕಿಯ ಗಂಡಸರು ಮೆಟ್ಟುತ್ತಿದ್ದದ್ದು ಅದನ್ನೇ.

“ಕಟ್ಟೆ ಮ್ಯಾಲೆ ಹಿರೇರು ಕುಂತಿರ್ತಾರೆ. ಸದ್ದಿಲ್ಲದ್ದು ತಗೋ,” ಎಂದ ಅಪ್ಪ ಮಗ್ಗದ ಗುಂಡಿಯಿಂದ ತಲೆ ಎತ್ತಲಿಲ್ಲ.

ರಾಟೆಯಲ್ಲಿ ರೇಷ್ಮೆ ಸುತ್ತುತ್ತಿದ್ದ ಅವ್ವ, “ಮೆಟ್ಟೋಳು ಅವ್ಳು. ಆರ್ಸೋಳೂ ಅವ್ಳೇ,” ಅಂದಳು.

ಮರುದಿನ ಕಟ್ಟೆಯ ಮುಂದೆ ಹೋಗುತ್ತಿದ್ದಂತೆ ಒಬ್ಬ ಅಜ್ಜ ಕೂಗಿದ: “ಏನವ್ವಾ, ಯಾರ ದಿಬ್ಬಣ ಹೊಂಟೈತೆ? ಕಳಚಿ ಕೈಯಾಗೆ ಹಿಡ್ಕ!”

ಕಳಚಲೆಂದು ಬಗ್ಗಿಯೂ ಬಿಟ್ಟೆ. ಬಗ್ಗಿದಾಗ ಕಂಡದ್ದು ಕಟ್ಟೆಯ ಕೆಳಗೆ ಅವರೆಲ್ಲ ಬಿಟ್ಟಿದ್ದ ಜೋಡುಗಳ ಸಾಲು.

“ನೀವು ಮೆಟ್ಕಂಬಂದಿದ್ದೂ ಇಂಥವೇ ಅಲ್ರೇನಜ್ಜಾ?” ಎಂದು ಬಾಯಿಂದ ಬಂದೇಬಿಟ್ಟಿತು. ಅಲ್ಲಿಂದ ಶಾಲೆಯವರೆಗೂ ಕಿರ್ ಕಿರ್ ಎಂದು ನಡೆದೆ.

ವರ್ಷ ತುಂಬುವ ಮೊದಲೇ ನನ್ನ ಶಾಲೆ ಬಿಡಿಸಿದರು. ಜೋಡು ಬಿಡಿಸಲು ಮಾತ್ರ ಯಾರಿಂದಲೂ ಆಗಲಿಲ್ಲ.

ಇವತ್ತು ಮೊಮ್ಮಗಳು ಹಿಮ್ಮಡಿ ಎತ್ತರದ್ದನ್ನು ಆರಿಸಿದಳು. ಜೊತೆಗೆ ಬಂದಿದ್ದ ಅವಳಪ್ಪ ಬೇಡ ಅಂದ. ನಾನು ಅಂಗಡಿಯವನಿಗೆ ಹೇಳಿದೆ: “ಅದನ್ನೇ ಕಟ್ಟಿಕೊಡಪ್ಪಾ. ಕಟ್ಟೋಕೆ ಮುಂಚೆ ಅವ್ಳ ಹೆಬ್ಬೆರಳಿಗೆ ಒತ್ತುತ್ತೈತೇನೋ, ಇನ್ನೊಂದ್ಸಲ ನೋಡ್ಬಿಡು.”