ಮೂರನೆಯ ಪಾಟಿ

ಹಿರಿಯ ಮಗಳಿಗೆ ಮೊದಲ ಸಲ ಫಿಟ್ಸ್ ಬಂದದ್ದು ಶಾಲೆಯಲ್ಲಿ. ಎರಡನೆಯ ಸಲ ಬಂದದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಅತ್ತೆಯ ಕಣ್ಣೆದುರಿಗೆ. ಅವರು ಕೌದಿ ಹೊಲಿಯುತ್ತ ಕುಳಿತಿದ್ದರು. ನಾನು ಒಳಗಿನಿಂದ ಓಡಿ ಬಂದಾಗ ಮಗಳು ನೆಲದ ಮೇಲೆ ಒದ್ದಾಡುತ್ತಿದ್ದಳು. ಅತ್ತೆ ಸೂಜಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಎತ್ತಿಕೊಂಡು ಯಾರದೋ ಹೆಸರು ಹಿಡಿದು ಕರೆಯುತ್ತಿದ್ದರು. ಅದು ನನ್ನ ಮಗಳ ಹೆಸರಾಗಿರಲಿಲ್ಲ. ಮದುವೆಯಾಗಿ ಆ ಮನೆಗೆ ಬಂದು ಇಷ್ಟು ವರ್ಷವಾದರೂ ನಾನು ಆ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.

ನಮ್ಮದು ಹಳಿಯಾಳದ ಹತ್ತಿರ, ತೇರಗಾಂವದ ಅಂಚಿನ ಸಿದ್ದಿ ಕೇರಿ. ಗಂಡ ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ರಾಫ್ಟಿಗೆ ಕೂರಿಸಿಕೊಂಡು ಕಾಳಿ ನದಿಯಲ್ಲಿ ಕರೆದೊಯ್ಯುವ ಕೆಲಸದಲ್ಲಿದ್ದರು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಆ ವಾರ ಬಂದವರನ್ನು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿ ಆ ಹೆಸರು ಹೇಳಿದೆ. ಅವರು ಕೈಯಲ್ಲಿದ್ದ ಅಂಗಿಯನ್ನು ಬಕೆಟ್ಟಿಗೆ ಹಾಕಿದರು.

“ನನಗ ಒಬ್ಬಾಕಿ ಅಕ್ಕ ಇದ್ಲು,” ಅಂದರು. “ಅಕಿಗೂ ಹಿಂಗ ಬರ್ತಿತ್ತು. ಅವ್ವ ಕೂಲಿಗೆ ಹೋಗಿದ್ಲು. ಅಕಿ ಹಳ್ಳದಾಗ ಅರಿವಿ ಒಗಿಯಾಕ ಕುಂತಿದ್ಲು. ಮೊಣಕಾಲ ಮಟ್ಟ ನೀರೂ ಇರಲಿಲ್ಲ.”

“ಇಷ್ಟ ದಿನ ಯಾಕ ಹೇಳಲಿಲ್ರಿ?”

“ಅವ್ವ ಬ್ಯಾಡ ಅಂದಿದ್ಲು. ಹೆಸರ ತಗದ್ರ ಕರದಂಗ ಆಕೈತಿ ಅಂತ.”

ಆ ಮಾತು ಹೇಳಿದ ಮೇಲೆ ಇಬ್ಬರೂ ಒಟ್ಟಿಗೇ ಪಡಸಾಲೆಯ ಕಡೆ ನೋಡಿದೆವು. ಅತ್ತೆ ಹೆಸರು ಹಿಡಿದು ಕರೆದಾಗಿತ್ತು.

ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಮೈಗೆ ಹೊಂದುವವರೆಗೆ ಕೆಲ ತಿಂಗಳು ಕಾಯಬೇಕು, ಆಗಾಗ ಮತ್ತೆ ಬಂದರೂ ಹೆದರಬಾರದು, ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು ಅಂದರು. ಶಾಲೆಯ ಬಾಯಿಯವರು, ಅಂದರೆ ಟೀಚರು, ಒಳ್ಳೆಯವರು. ಪುಸ್ತಕಗಳನ್ನೆಲ್ಲ ಕೊಟ್ಟು, “ಅರಾಮ ಆಗೂಮಟ ನೀವ ಮನ್ಯಾಗ ಕಲಸ್ರಿ” ಅಂದರು. ನಾನು ಮುಂಡಗೋಡದಲ್ಲಿ ಪಿಯುಸಿವರೆಗೆ ಓದಿದವಳು. ಕಲಿಸುವುದೇನು ದೊಡ್ಡದಲ್ಲ ಅಂದುಕೊಂಡೆ. ಕಲಿಸುವುದು ದೊಡ್ಡದಾಗಿರಲಿಲ್ಲ ನಿಜ, ಅದರ ಜೊತೆಗೆ ಬೇರೆ ಎಲ್ಲವನ್ನೂ ಮಾಡುವುದು ದೊಡ್ಡದಾಗಿತ್ತು.

ಗಣೇಶಗುಡಿಯ ಒಂದು ಹೋಂಸ್ಟೇಯವರು ನಮ್ಮ ಕೌದಿಗಳನ್ನು ಕೊಳ್ಳುತ್ತಿದ್ದರು. ಹಾಗಾಗಿ ಪಡಸಾಲೆಯಲ್ಲಿ ಯಾವಾಗಲೂ ಒಂದು ಕೌದಿ ಹಾಸಿಯೇ ಇರುತ್ತಿತ್ತು. ಹಳೆಯ ಸೀರೆಯನ್ನು ಕೆಳಗೆ ಹಾಸಿ, ಅದರ ಮೇಲೆ ತುಂಡು ಅರಿವೆಗಳನ್ನು ಮೂಲೆಯಿಂದ ಇಡುತ್ತ, ಸುತ್ತಲೂ ಹೊಲಿಯುತ್ತ ನಡುವಿಗೆ ಬರುವುದು ನಮ್ಮ ಪದ್ಧತಿ. ಒಂದು ಬದಿಗೆ ನಾನು, ಎದುರು ಬದಿಗೆ ಅತ್ತೆ. ಉಳಿದ ಬದಿಗಳಲ್ಲಿ ಮಕ್ಕಳು ಚಾಪೆ ಹಾಕಿಕೊಂಡು ಕೂರುತ್ತಿದ್ದರು. ಹಿರಿಯವಳು ಮಗ್ಗಿ ಹೇಳುತ್ತಿದ್ದಳು. ಇನ್ನೂ ಶಾಲೆಗೆ ಹೋಗದ ಕಿರಿಯವಳು ಪಾಟಿಯ ಮೇಲೆ ಗೀಚುತ್ತಿದ್ದಳು. ಮಗ್ಗಿಯ ನಡುವೆ ಅನ್ನ ಉಕ್ಕುತ್ತಿತ್ತು. ಎದ್ದು ಹೋಗಿ ಬರುವಷ್ಟರಲ್ಲಿ ಕೋಳಿ ಒಳಗೆ ಬಂದು ಕೌದಿಯ ಮೇಲೆ ಓಡಾಡಿರುತ್ತಿತ್ತು. ಕೋಳಿ ಓಡಿಸುವುದರಲ್ಲಿ ನಳದ ನೀರು ಬಂದು ಹೋಗಿರುತ್ತಿತ್ತು. ಮುಸುರೆ ಸಂಜೆಯ ತನಕ ಹಾಗೇ ಬಿದ್ದಿರುತ್ತಿತ್ತು.

ನೀರಿನ ವಿಷಯ ಹೇಳಬೇಕು. ಆ ಹಳ್ಳದ ಕತೆ ಕೇಳಿದಾಗಿನಿಂದ ಮನೆಯಲ್ಲಿ ಬಕೆಟ್ಟು ತುಂಬಿಡುವುದನ್ನು ನಾನು ಬಿಟ್ಟೆ. ಡ್ರಮ್ಮಿಗೆ ಮುಚ್ಚಳ ಹಾಕಿ ಮೇಲೆ ಒರಳುಕಲ್ಲು ಏರಿಸಿದೆ. ಮಗಳು ಸ್ನಾನಕ್ಕೆ ಹೋದರೆ ಬಾಗಿಲಲ್ಲಿ ನಿಂತು ಅವಳಿಂದ ಹಾಡು ಹೇಳಿಸುತ್ತಿದ್ದೆ. ಹಾಡು ನಿಂತರೆ ನನ್ನ ಉಸಿರು ನಿಲ್ಲುತ್ತಿತ್ತು.

ಅತ್ತೆಗೆ ಮರೆವು ಹಿಡಿದದ್ದು ಆ ದಿನಗಳಲ್ಲೇ. ಮೊದಲೂ ಸ್ವಲ್ಪ ಇದ್ದಿರಬೇಕು, ನಾವು ಗಮನಿಸಿರಲಿಲ್ಲ. ಉಂಡದ್ದನ್ನು ಮರೆಯುತ್ತಿದ್ದರು, ವಾರ ಮರೆಯುತ್ತಿದ್ದರು. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಸೂಜಿ ಹಿಡಿದರೆ ಹೊಲಿಗೆ ಇರುವೆಯ ಸಾಲಿನ ಹಾಗೆ ಸಮನಾಗಿ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಪಾಠಕ್ಕೆ ಬಂದರೆ ಪಡಸಾಲೆಯಲ್ಲಿ ಮೂರು ಚಾಪೆ ಹಾಸಿದ್ದವು. ಮೂರನೆಯದರ ಮುಂದೆ ಒಂದು ಹಳೆಯ ಕಲ್ಲುಪಾಟಿ, ಚೌಕಟ್ಟಿನ ಒಂದು ಕಡೆ ಮುರಿದಿತ್ತು.

“ಇದ್ಯಾರದ್ರಿ ಅತ್ತೀ?”

ಅತ್ತೆ ಮತ್ತೆ ಆ ಹೆಸರು ಹೇಳಿದರು. “ಶಾಲಿಗೆ ಹಾಕೂಣು ಅಂತ ತಂದಿದ್ದೆ. ಹಾಕಲಿಲ್ಲ. ನೀ ಇಬ್ಬರಿಗೆ ಕಲಸ್ತಿ, ಇಕಿಗೊಬ್ಬಾಕಿಗೆ ಕಲಸೂದಿಲ್ಲೇನು?”

ಮಕ್ಕಳು ನನ್ನ ಮುಖ ನೋಡಿದರು. ಒಲೆಯ ಮೇಲೆ ಸಾರು ಇತ್ತು. ವಾದ ಮಾಡುವ ಪುರುಸೊತ್ತೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. “ಕಲಸ್ತೇನ್ರಿ” ಅಂದೆ. ಮೂರನೆಯ ಪಾಟಿಯ ಮೇಲೆ ಒಂದು ಅ ಬರೆದಿಟ್ಟು ಒಳಗೆ ಹೋದೆ.

ಅಂದಿನಿಂದ ಅದು ದಿನದ ರೂಢಿಯಾಯಿತು. ಹಿರಿಯವಳಿಗೆ ಲೆಕ್ಕ, ಕಿರಿಯವಳಿಗೆ ಚಿತ್ರ, ಮೂರನೆಯ ಪಾಟಿಗೆ ಒಂದೊಂದು ಅಕ್ಷರ. ಕಸ ಹೊಡೆಯುವಾಗ ಆ ಚಾಪೆಯನ್ನು ಸುತ್ತಿ ಬದಿಗಿಡುತ್ತಿದ್ದೆ, ದಾಟುತ್ತಿರಲಿಲ್ಲ. ಯಾಕೆ ದಾಟುತ್ತಿರಲಿಲ್ಲವೋ ನನಗೇ ಗೊತ್ತಿಲ್ಲ.

ಒಂದು ದಿನ ಅಡುಗೆ ಮುಗಿಸಿ ಬಂದೆ. ನಾನು ಬರೆದಿದ್ದ ಅಕ್ಷರದ ಕೆಳಗೆ ಇನ್ನೊಂದು ಇತ್ತು. ಅಂಕುಡೊಂಕು, ಮೊದಲ ಸಲ ಬಳಪ ಹಿಡಿದವರು ಒತ್ತಿ ಒತ್ತಿ ಬರೆದ ಹಾಗೆ.

“ಯಾರ ಬರದೀರಿ?” ಅಂತ ಮಕ್ಕಳನ್ನು ಕೇಳಿದೆ.

ಹಿರಿಯವಳು ತಾನಲ್ಲವೆಂದು ತಲೆಯಾಡಿಸಿದಳು. ಕಿರಿಯವಳು ತನ್ನ ಗೀಚಾಟದಿಂದ ಕತ್ತೆತ್ತದೆ, “ಅಕ್ಕ ಬರದಾಳ,” ಅಂದಳು.

“ಯಾವ ಅಕ್ಕ?”

ಅವಳು ಬೆರಳು ಮಾಡಿದ್ದು ಖಾಲಿ ಚಾಪೆಯ ಕಡೆಗೆ.

ಹಾಡು ಹಗಲು. ಹೊರಗೆ ಪಕ್ಕದ ಮನೆಯವರು ಭತ್ತ ಒಣಹಾಕುತ್ತಿದ್ದರು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೋಗುತ್ತಿತ್ತು. ಆದರೂ ಆ ಪಾಟಿಯನ್ನು ಒರೆಸಲು ನನಗೆ ಕೈ ಬರಲಿಲ್ಲ. ಮರುದಿನ ಇನ್ನೊಂದು ಅಕ್ಷರ. ಅದರ ಮರುದಿನ ಮತ್ತೊಂದು, ಮೊದಲಿಗಿಂತ ಚೆನ್ನಾಗಿತ್ತು. ನಾನು ಯಾರಿಗೂ ಹೇಳಲಿಲ್ಲ. ಒಂದು ಕಡೆ ಹೆದರಿಕೆ. ಇನ್ನೊಂದು ಕಡೆ, ಹೇಳಲು ನಾಚಿಕೆಯಾಗುತ್ತದೆ, ಕಲಿಸಿದ್ದನ್ನು ಯಾರೋ ಕಲಿಯುತ್ತಿದ್ದಾರೆಂಬ ಒಂದು ಸಣ್ಣ ಸಂತೋಷ.

ಮಗಳು ಮಾತ್ರ ದಿನದಿನಕ್ಕೆ ಮಂಕಾಗುತ್ತಿದ್ದಳು. ಒಂದು ಮಧ್ಯಾಹ್ನ ತಲೆ ಬಾಚಿಸಿಕೊಳ್ಳುತ್ತ ಕೇಳಿದಳು. “ಅವ್ವಾ, ಅಕಿ ಹೆಂಗ ಸತ್ತಳು?”

“ಜ್ವರ ಬಂದಿದ್ವು.”

“ಸುಳ್ಳ ಹೇಳಬ್ಯಾಡ. ನನ್ನಂಗ ಆಗಿ ಸತ್ತಾಳ. ಅಜ್ಜಿ ಹೇಳ್ಯಾಳ. ಅಕಿ ನನ್ನ ಕರಿಯಾಕ ಬಂದಾಳೇನು?”

ಬಾಚಣಿಗೆ ಅವಳ ಗುಂಗುರು ಕೂದಲಲ್ಲಿ ಸಿಕ್ಕಿಕೊಂಡಿತ್ತು. “ಇಲ್ಲವಾ,” ಅಂದೆ. “ಅಕ್ಷರ ಕಲಿಯಾಕ ಬಂದಾಳ ಅಷ್ಟ.” ಹಾಗೆ ಯಾಕೆ ಅಂದೆನೋ. ಆ ಕ್ಷಣದಲ್ಲಿ ಬಾಯಿಗೆ ಬಂದದ್ದು ಅದೇ. ಅದನ್ನು ಕೇಳಿ ಅವಳ ಭುಜ ಸ್ವಲ್ಪ ಸಡಿಲವಾಯಿತು.

ಅಕ್ಷರ ಬರೆಯುತ್ತಿದ್ದವರು ಯಾರೆಂದು ಗೊತ್ತಾದದ್ದು ಅದಾದ ಕೆಲವೇ ದಿನಗಳಲ್ಲಿ. ಹಿತ್ತಲಲ್ಲಿ ಬಟ್ಟೆ ಒಣಹಾಕಿ ಬಾಗಿಲಿಗೆ ಬಂದಾಗ ಅತ್ತೆ ಮೂರನೆಯ ಚಾಪೆಯ ಹಿಂದೆ ಮಂಡಿಯೂರಿ ಕುಳಿತಿದ್ದರು. ಚಾಪೆಯ ಮೇಲೆ ಕುಳಿತ ಮಗುವಿನ ಬೆನ್ನ ಮೇಲಿಂದ ಬಾಗಿದ ಹಾಗೆ ಬಾಗಿ, ಕೈ ಮುಂದೆ ಚಾಚಿ ಪಾಟಿಯ ಮೇಲೆ ಬರೆಯುತ್ತಿದ್ದರು. ಜೀವಮಾನದಲ್ಲಿ ಹೆಬ್ಬೆಟ್ಟು ಬಿಟ್ಟು ಬೇರೆ ಏನನ್ನೂ ಒತ್ತದ ಕೈ.

“ಅತ್ತೀ, ನೀವೇನ್ರಿ ಬರಿಯೂದು?”

ಅವರು ಬೆಚ್ಚಲಿಲ್ಲ. “ನಾ ಬರೇ ಕೈ ಹಿಡೀತೇನಿ,” ಅಂದರು. “ಬರಿಯಾಕಿ ಅಕಿ.”

ಗುಟ್ಟು ತಿಳಿದರೆ ಹೆದರಿಕೆ ಹೋಗುತ್ತದೆ ಅನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಅವರ ಎರಡು ತೋಳುಗಳ ನಡುವೆ ಅವರು ಬಿಟ್ಟಿದ್ದ ಜಾಗ ಇತ್ತಲ್ಲ, ಅದು ಸರಿಯಾಗಿ ನನ್ನ ಮಗಳಷ್ಟೇ ಅಳತೆಯದಾಗಿತ್ತು.

ದೀಪಾವಳಿ ಮುಗಿದು ಪ್ರವಾಸಿಗರು ಹೆಚ್ಚಾದಾಗ ಹೋಂಸ್ಟೇಯವರು ಕೌದಿ ಬೇಗ ಬೇಕೆಂದರು. ನಾನು ಕೊನೆಯ ಸುತ್ತನ್ನು ಅತ್ತೆಗೆ ಬಿಟ್ಟು ಮನೆಗೆಲಸ ನೋಡಿಕೊಂಡೆ. ನಾಲ್ಕು ಮೂಲೆಗೆ ಅರಿವೆ ಮಡಚಿ ಹೂ ಕೂರಿಸಿದ್ದೂ ಅವರೇ. ಹೂವಿಲ್ಲದ ಕೌದಿ ಬತ್ತಲೆ ಅಂತ ನಮ್ಮಲ್ಲಿ ಅನ್ನುತ್ತಾರೆ. ಗಂಡ ಅದನ್ನು ಬೈಕಿಗೆ ಕಟ್ಟಿಕೊಂಡು ಒಯ್ದರು.

ಅದಾದ ಮೇಲಿನ ಒಂದು ಬೆಳಿಗ್ಗೆ ಅತ್ತೆ ಹುಡುಕಲು ಶುರು ಮಾಡಿದರು. ಟ್ರಂಕು ತೆಗೆದು ಎಲ್ಲವನ್ನೂ ಹೊರಗೆ ಹಾಕಿದರು, ಕೋಳಿಗೂಡಿನಲ್ಲಿ ಬಗ್ಗಿ ನೋಡಿದರು. “ಎಲ್ಲಿ ಹ್ವಾದ್ಲು? ನೀರಿಗೆ ಹ್ವಾದ್ಲೇನು?” ಅನ್ನುತ್ತ ಡ್ರಮ್ಮಿನ ಮೇಲಿನ ಒರಳುಕಲ್ಲನ್ನು ನೂಕಲು ಹೋದರು. ಹಿಡಿದು ಕೂರಿಸಿದರೆ ಎದೆ ಬಡಿದುಕೊಂಡರು. ಆಗ ಮಗಳು ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದಳು.

“ಅಕಿ ಫ್ರಾಕ್ ಅಜ್ಜಿ ಕೌದ್ಯಾಗ ಇಟ್ಟು ಹೊಲದಾಳ. ಟ್ರಂಕಿನ್ಯಾಗಿಂದು, ಹಳದೀದು. ಥಂಡಿ ಆಕೈತಿ ಅಂತ ಅರಿವಿ ನಡುವ ಇಟ್ಲು. ಈಗ ಮರತಾಳ.”

ಗಂಡ ಹೊಳೆಯಲ್ಲಿದ್ದರು, ಫೋನು ಹತ್ತಲಿಲ್ಲ. ಕೌದಿ ವಾಪಸು ತರಲೆಂದು, ಕಿರಿಯವಳನ್ನೂ ಅತ್ತೆಯನ್ನೂ ಪಕ್ಕದ ಮನೆಯವರಿಗೆ ಒಪ್ಪಿಸಿ, ಹಿರಿಯವಳನ್ನು ಬಿಟ್ಟು ಹೋಗಲು ಧೈರ್ಯವಾಗದೆ ಜೊತೆಗೆ ಕರೆದುಕೊಂಡು ದಾಂಡೇಲಿ ಬಸ್ಸು ಹತ್ತಿದೆ. ಕಾಯಿಲೆ ಶುರುವಾದ ಮೇಲೆ ಆಸ್ಪತ್ರೆಗೆ ಬಿಟ್ಟರೆ ಅವಳು ಹೊರಗೆ ಹೊರಟದ್ದು ಅದೇ ಮೊದಲು. ಇಡೀ ದಾರಿ ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದಳು. ಗಣೇಶಗುಡಿಯಲ್ಲಿ ಇಳಿದಾಗ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಹೊಳೆಯ ಸದ್ದು ರಸ್ತೆಗೇ ಕೇಳುತ್ತಿತ್ತು. ನಾನು ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, “ಅವ್ವಾ, ನೂಸಾಕತ್ತೈತಿ” ಅಂದಳು.

ಹೋಂಸ್ಟೇಯ ಅಕ್ಕನವರು ನನ್ನನ್ನು ಕಂಡು, “ಏನ ಚಂದ ಕೌದಿರೀ ಅದು! ಮುಂಜಾನೆನ ಹೋತು,” ಅಂದರು. ದೂರದ ಊರಿನ ಒಂದು ಕುಟುಂಬ ಅದನ್ನು ಕೊಂಡು, ಕಾರಿನಲ್ಲಿ ಗೋವಾಕ್ಕೆ ಹೋಗಿತ್ತು. ಅದರಲ್ಲಿ ಮನೆಯ ಒಂದು ಅರಿವೆ ತಪ್ಪಿ ಸೇರಿದೆ ಅಂದೆ. ಅಷ್ಟೇ ಹೇಳಲು ಸಾಧ್ಯವಾಯಿತು. ಅವರು ಆಗಲೇ ಫೋನು ಹಚ್ಚಿ ಹಿಂದಿಯಲ್ಲಿ ಮಾತಾಡಿದರು. ಆಮೇಲೆ ಫೋನನ್ನು ಕೈಯಿಂದ ಮುಚ್ಚಿ ನನ್ನ ಕಡೆ ತಿರುಗಿದರು.

“ಅವರ ಮಗಳು ಅದನ್ನ ಹೊತಗೊಂಡು ಕಾರಿನ್ಯಾಗ ಮಲಗ್ಯಾಳಂತ. ಬೇಕ ಬೇಕಂದ್ರ ಊರಿಗೆ ಹೋಗಿ ಪಾರ್ಸೆಲ್ ಮಾಡ್ತಾರಂತ. ಏನಂತ ಹೇಳ್ಲಿ?”

ಎಲ್ಲಿಯದೋ ಒಂದು ಮಗು, ನೀರಿನಲ್ಲಿ ಸತ್ತ ಹುಡುಗಿಯ ಫ್ರಾಕನ್ನು ಎದೆಯ ಮೇಲೆ ಎಳೆದುಕೊಂಡು ನಿದ್ದೆ ಮಾಡುತ್ತಿತ್ತು. ವಾಪಸು ಕೇಳಬೇಕು. ಬಾಯಿ ತೆರೆದೆ.

ಮಗಳು ನನ್ನ ಸೆರಗು ಜಗ್ಗಿದಳು. “ಹೋಗ್ಲಿ ಬಿಡ ಅವ್ವಾ. ಅಕಿ ಇಲ್ಲೀಮಟ ಯಾವ ಊರಿಗೂ ಹೋಗೇ ಇಲ್ಲ.”

“ಬ್ಯಾಡ್ರಿ,” ಅಂದೆ ನಾನು. “ಇರಲಿ ಅಂತ ಹೇಳ್ರಿ.”

ಮನೆಗೆ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕುಳಿತಿದ್ದರು. ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಹೇಳಿದೆ. “ಅತ್ತೀ, ಅಕಿ ಊರಿಗೆ ಹೋಗ್ಯಾಳ್ರಿ. ಒಂದ ಸಣ್ಣ ಹುಡುಗಿ ಜೋಡಿ. ಕಾರಿನ್ಯಾಗ.”

“ಕಾರಿನ್ಯಾಗ?”

“ಹೂಂನ್ರಿ.”

ಅವರು ರಸ್ತೆಯ ಕಡೆ ನೋಡಿದರು. “ಕಿಟಕಿ ಬಾಜೂಕ ಕುಂತಾಳೇನು?”

“ಕಿಟಕಿ ಬಾಜೂಕನ ಕುಂತಾಳ್ರಿ,” ಅಂದಳು ನನ್ನ ಮಗಳು.

ಅತ್ತೆ ಎದ್ದು ಕೈ ತೊಳೆದುಕೊಂಡು ಊಟಕ್ಕೆ ಕುಳಿತರು. ಆ ಹೆಸರನ್ನು ಅವರ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ. ಮರುದಿನ ಪಡಸಾಲೆಯಲ್ಲಿ ಎರಡೇ ಚಾಪೆ ಇದ್ದವು.

ಇದರಿಂದ ಮನೆ ಹಗುರಾಯಿತೆಂದು ಯಾರಾದರೂ ಅಂದುಕೊಂಡರೆ ಅದು ಸುಳ್ಳು. ನಾನು ಎರಡು ವಾರ ಕೆಲಸದ ನಡುವೆ ಸುಮ್ಮನೆ ನಿಂತುಬಿಡುತ್ತಿದ್ದೆ. ಬಿಟ್ಟುಕೊಟ್ಟದ್ದು ಸರಿಯೇ, ಆ ಬೇರೆ ಮಗು ಹೇಗಿದೆಯೋ ಎಂಬ ಯೋಚನೆ ಒಗ್ಗರಣೆ ಹಾಕುವಾಗ ಬರುತ್ತಿತ್ತು, ಸೂಜಿಗೆ ದಾರ ಪೋಣಿಸುವಾಗ ಬರುತ್ತಿತ್ತು. ಈಗಲೂ ಬರುತ್ತದೆ. ಗಂಡನನ್ನು ಕೇಳಿದೆ. ಅವರು, “ನಮ್ಮಕ್ಕ ನನ್ನ ಎತ್ತಿ ಆಡಿಸಿದಾಕಿ. ಹುಡುಗರಂದ್ರ ಜೀವ ಅಕಿಗೆ,” ಎಂದಷ್ಟೇ ಹೇಳಿದರು. ಅಕ್ಕ ಬದುಕಿದ್ದಾಗ ಹೇಗಿದ್ದಳೆಂದು ಅವರು ಹೇಳಿದ ಮೊದಲ ಮಾತು ಅದು.

ಮಗಳು ತಾನಾಗಿಯೇ ಶಾಲೆಯ ಮಾತೆತ್ತಿದಳು. “ಅಕಿ ಹೋದ್ಲಲ್ಲ, ನಾನೂ ಹೋಗ್ತೇನಿ.” ಜೂನ್ ತಿಂಗಳಲ್ಲಿ ಗುಳಿಗೆಯ ಚೀಟಿಯೊಂದಿಗೆ ಕಳಿಸಿದೆ. ಬಾಯಿಯವರಿಗೂ ಅವಳ ಬೆಂಚಿನ ಗೆಳತಿಗೂ ಏನು ಮಾಡಬೇಕೆಂದು ತೋರಿಸಿಕೊಟ್ಟೆ. ಮಳೆಗಾಲದಲ್ಲಿ ಒಮ್ಮೆ ತರಗತಿಯಲ್ಲೇ ಬಂತು. ಗೆಳತಿ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಸುತ್ತ ನೆರೆದವರನ್ನು ದೂರ ಸರಿಸಿದಳಂತೆ. ನಾನು ಓಡುತ್ತ ಹೋದಾಗ ಮಗಳು ಬಿಸಿಯೂಟದ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದಳು. “ಹಸಿವಾಗಿತ್ತು,” ಅಂದಳು.

ಕಿರಿಯವಳೂ ಈಗ ಅವಳ ಹಿಂದೆಯೇ ಹೋಗುತ್ತಾಳೆ. ಹಗಲು ಹೊತ್ತು ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅವರ ಕೈಗೂ ಮರೆವು ಇಳಿದಿದೆ, ಸೂಜಿಯನ್ನು ತಿರುಗಿಸಿ ನೋಡಿ ಕೆಳಗಿಡುತ್ತಾರೆ. ಮೊನ್ನೆ ಅಂಗಳದ ಬಿಸಿಲಿನಲ್ಲಿ ಅವರ ಉಗುರು ಕತ್ತರಿಸುತ್ತಿದ್ದೆ. ನನ್ನ ಮುಖವನ್ನು ದಿಟ್ಟಿಸಿ ನೋಡಿದರು.

“ನೀ ಯಾರ ಮಗಳವಾ?”

“ನಾ ಮುಂಡಗೋಡದಾಕಿರೀ.”

“ಅಯ್ಯ, ದೂರ ಆತಲ್ಲ. ಹೊತ್ತ ಮುಳಗೂದ್ರಾಗ ಹೋಗು. ನಿಮ್ಮವ್ವ ದಾರಿ ನೋಡಾಕತ್ತಿರ್ತಾಳ.”

ನನ್ನ ತಾಯಿ ತೀರಿಕೊಂಡು ಬಹಳ ವರ್ಷವಾಯಿತು. “ಹೋಗ್ತೇನ್ರಿ,” ಅಂದೆ. ಅವರ ಇನ್ನೊಂದು ಕೈಯನ್ನು ಮಡಿಲಿಗೆ ತೆಗೆದುಕೊಂಡೆ.