ಬೆನ್ನಿನ ಪಿನ್ನುಗಳು

ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕೋಟು. ಹೊಲಿಸಿದ್ದು ಮಾಲೀಕನ ಅಳತೆಗೆ. ಆತ ಎರಡು ಬಾಗಿಲಿನ ಬೀರುವಿನಷ್ಟು ಅಗಲ. ಫೋಟೋ ತೆಗೆಸಲು ಬಂದ ಕಡ್ಡಿಪೈಲ್ವಾನರಿಗೂ ಅದೇ ಕೋಟು. ಮಿಕ್ಕ ಬಟ್ಟೆಯನ್ನು ಬೆನ್ನ ಹಿಂದೆ ಮಡಿಸಿ ಚುಚ್ಚಿ, ಮುಂದಿನಿಂದ ಮೈಗೆ ಹೊಲಿದಂತೆ ಕಾಣಿಸುವುದು ಪಿನ್ನಪ್ಪನ ಕೆಲಸ. ಅವನ ಅಂಗಿಯ ಅಂಚಿಗೆ ಸೇಫ್ಟಿ ಪಿನ್ನು, ಕಾಲರಿಗೆ ಗುಂಡುಪಿನ್ನು, ಜೇಬಿನಲ್ಲಿ ಹೇರ್‌ಪಿನ್ನು, ಸ್ಟೇಪ್ಲರ್ ಪಿನ್ನು. ಅವನನ್ನು ತಬ್ಬಿಕೊಳ್ಳಲು ಸ್ವಂತ ಅಕ್ಕನೂ ಹೆದರುತ್ತಿದ್ದಳು.

ಗಂಡು ನರಪೇತಲ ಎಂದು ಅವನಿಗೆ ಆಗಲೇ ಎರಡು ಸಂಬಂಧ ತಪ್ಪಿದ್ದವು. ಮೂರನೆಯ ಹುಡುಗಿ ಮೊಬೈಲ್ ಅಂಗಡಿಯಲ್ಲಿ ಚಾರ್ಜರ್ ಮಾರುವವಳು. ಅವಳನ್ನು ನೋಡಲೆಂದೇ ಅವನು ಬೇಡದ ಚಾರ್ಜರನ್ನು ಎರಡು ಸಲ ಕೊಂಡಿದ್ದ. ಇದೂ ತಪ್ಪಿದರೆ ತನ್ನ ಕಥೆ ಮುಗಿಯಿತು ಎಂದುಕೊಂಡಿದ್ದ.

"ಅಂಗಿ ಪಿನ್ನೆಲ್ಲ ಕಿತ್ತಿಡು. ಸ್ಟುಡಿಯೋ ಕೋಟು ಹಾಕ್ಕೋ, ಹಿಂದೆ ನಾನೇ ಚುಚ್ತೀನಿ," ಎಂದಳು ಅಕ್ಕ. "ಹುಡುಗಿ ಮನೇಲಿ ಮಾತ್ರ ಯಾರಿಗೂ ಬೆನ್ನು ತೋರಿಸ್ಬೇಡ ಮಾರಾಯ."

ಹುಡುಗಿಯ ಮನೆಯಲ್ಲಿ ಅವನು ಹಲ್ಲಿಯಂತೆ ಗೋಡೆ ಹಿಡಿದು ಸರಿದು ಕುರ್ಚಿ ಸೇರಿದ. ಒರಗಿದರೆ ಪಿನ್ನು ಚುಚ್ಚುತ್ತಿತ್ತು.

"ಎಷ್ಟು ನೆಟ್ಟಗೆ ಕೂತಿದ್ದಾರೆ! ಶಿಸ್ತು ಅಂದ್ರೆ ಇದು," ಎಂದರು ಹುಡುಗಿಯ ಅಪ್ಪ.

ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು. ಅಜ್ಜಿ ಬಂದು ಕೂರುವಷ್ಟರಲ್ಲಿ ಕನ್ನಡಕದ ಕಡ್ಡಿ ಕಳಚಿ ಮಡಿಲಿಗೆ ಬಿತ್ತು.

"ಹಾಳಾದ್ದು! ಯಾರಾದ್ರೂ ಒಂದ್ ಪಿನ್ನು ಕೊಡ್ರೋ!"

ಸುಮ್ಮನಿದ್ದಿದ್ದರೆ ಅಜ್ಜಿ ಕನ್ನಡಕವಿಲ್ಲದೆ ಮಸುಕು ಮಸುಕಾಗಿ ಕಂಡ ಕೋಟನ್ನೇ ಒಪ್ಪಿಬಿಡುತ್ತಿದ್ದಳು. ಆದರೆ ಹಾಗೆ ಸುಮ್ಮನಿರುವುದು ಪಿನ್ನಪ್ಪನ ಹಣೆಯಲ್ಲಿ ಬರೆದಿರಲಿಲ್ಲ.

"ಯಾವ ಪಿನ್ನು ಅಜ್ಜಿ?"

ಅಡುಗೆಮನೆಯಿಂದ ಕಿಸಕ್ಕನೆ ನಗು ಕೇಳಿಸಿತು. ದಿನವಿಡೀ ಚಾರ್ಜರ್ ಗಿರಾಕಿಗಳಿಗೆ "ಸಣ್ಣ ಪಿನ್ನಾ, ದಪ್ಪ ಪಿನ್ನಾ?" ಎಂದು ಕೇಳುವುದೇ ಹುಡುಗಿಯ ಪಾಡಾಗಿತ್ತು.

"ಯಾವ್ದೋ ಒಂದು. ಕಣ್ಣು ಕಂಡ್ರೆ ಸಾಕಪ್ಪ!" ಎಂದಳು ಅಜ್ಜಿ.

ಅಕ್ಕ ಕಣ್ಣು ಬಿಟ್ಟು ಗದರಿಸಿದಳು. ಅವನ ಕೈ ಆಗಲೇ ಬೆನ್ನ ಹಿಂದೆ ಹೋಗಿತ್ತು. ಒಂದು ಗುಂಡುಪಿನ್ನು ಎಳೆದು, ಕನ್ನಡಕದ ಕೀಲಿಗೆ ತೂರಿಸಿ, ತುದಿಯನ್ನು ಹಲ್ಲಿನಿಂದ ಬಾಗಿಸಿದ. ಅಜ್ಜಿ ಕನ್ನಡಕ ಏರಿಸುವುದಕ್ಕೂ ಉಳಿದ ಪಿನ್ನುಗಳು ಭಾರ ತಾಳದೆ ಟಪಟಪನೆ ಸಿಡಿಯುವುದಕ್ಕೂ ಸರಿಹೋಯಿತು. ಕೋಟು ಡೇರೆಯಂತೆ ಬಿಚ್ಚಿಕೊಂಡಿತು.

"ಇಷ್ಟೊತ್ತು ಇಲ್ಲಿದ್ದ ಗಂಡು ಎಲ್ರೋ? ಬರೀ ಕತ್ತು ಕಾಣ್ತಿದೆ!"

"ಕೋಟು ಸ್ಟುಡಿಯೋದು ಅಜ್ಜಿ. ಒಳಗಿರೋನು ಮಾತ್ರ ನಾನು."

ಅಜ್ಜಿ ತಲೆಯನ್ನು ಆ ಕಡೆ ಈ ಕಡೆ ಜೋರಾಗಿ ಒದರಿದಳು. ಅಕ್ಕ ಅದನ್ನು ನಿರಾಕರಣೆ ಎಂದು ತಿಳಿದು ಚಪ್ಪಲಿ ಹುಡುಕತೊಡಗಿದಳು.

"ಕೂತ್ಕೊಳ್ಳಮ್ಮ! ಕನ್ನಡಕ ಪರೀಕ್ಷೆ ಮಾಡ್ತಿದ್ದೆ. ಅಂಗಡಿಯವನ ಸ್ಕ್ರೂ ಒಂದಿನ ನಿಲ್ಲಲಿಲ್ಲ. ಇದು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ನಂಗೆ ಒಪ್ಪಿಗೆ. ಅವಳನ್ನ ಕೇಳಿ."

ಹುಡುಗಿ ಬಂದು ನೆಲದ ಮೇಲಿನ ಪಿನ್ನುಗಳನ್ನು ಆರಿಸಿಕೊಂಡಳು.

"ಎರಡೆರಡು ಚಾರ್ಜರ್ ಸಾಹೇಬ್ರು ನೀವೇ ಅಲ್ವಾ? ತಿರುಗಿ, ಚುಚ್ತೀನಿ."

ಪಿನ್ನಪ್ಪ ಬೆನ್ನು ತೋರಿಸಿದ.

ಅವರ ಮದುವೆಯ ಫೋಟೋದಲ್ಲಿ ಅದೇ ಕೋಟು ಮೈಗೆ ಹೊಲಿದಂತಿದೆ. ಗಂಡಿನ ಮುಖದಲ್ಲಿ ಮಾತ್ರ ಒಂದಿಷ್ಟು ನೋವು ಕಾಣುತ್ತದೆ. ಅವಳ ಕೈ ಇನ್ನೂ ಪಳಗಿರಲಿಲ್ಲ.